ಹಳೆಯ ದಾರ್ಶನಿಕರು, ಧರ್ಮಗುರುಗಳು ನಿಜವಾಗಿ ಇದ್ದರಾ? ನೀವೇ ಪರೀಕ್ಷಿಸಿ ನೋಡುವ ಬಗೆ

ಬುದ್ಧ ನಿಜವಾಗಿಯೂ ಇದ್ದನಾ? ಯೇಸು? ಸಾಕ್ರಟೀಸ್ ಬರೀ ಪ್ಲೇಟೋ ಕಟ್ಟಿದ ಪಾತ್ರವಾ? ಚೀನಾದ ದಾರ್ಶನಿಕ ಲಾವೋತ್ಸು ಅನ್ನುವ ಮನುಷ್ಯ ಇದ್ದದ್ದಕ್ಕೆ ಏನಾದರೂ ಆಧಾರ ಇದೆಯಾ? ಹೆಸರು ಬದಲಾಗುತ್ತದೆ, ಓದುಗರು ಕೇಳುವ ಪ್ರಶ್ನೆ ಮಾತ್ರ ಇದೇ. ಒಬ್ಬೊಬ್ಬರ ಬಗ್ಗೆ ಬಿಡಿಬಿಡಿಯಾಗಿ ಉತ್ತರ ಕೊಡುತ್ತಾ ಹೋದರೆ ಮುಗಿಯುವುದಿಲ್ಲ. ಯಾವ ಹೆಸರು ಬಂದರೂ ನೀವೇ ಕೂತು ಪರೀಕ್ಷಿಸುವ ದಾರಿಯನ್ನು ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ.

ಇದು ನಂಬಿಕೆಯ ಪರೀಕ್ಷೆ ಅಲ್ಲ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಬುದ್ಧ ಇದ್ದ ಅಂತ ಖಚಿತವಾದ ಮಾತ್ರಕ್ಕೆ ನಿರ್ವಾಣ ಇದೆ ಅಂತ ಸಾಬೀತಾಗುವುದಿಲ್ಲ. ಲಾವೋತ್ಸು ಅನ್ನುವವನು ಇರಲಿಲ್ಲ ಅಂದರೆ ಆ ಹೆಸರಿನ ಪುಸ್ತಕದ ಮಾತುಗಳ ಬೆಲೆಯೂ ಕಡಿಮೆಯಾಗುವುದಿಲ್ಲ. ನಾವು ಕೇಳುತ್ತಿರುವುದು ಇಷ್ಟೇ: ಇಂಥ ಕಾಲದಲ್ಲಿ, ಇಂಥ ಕಡೆ, ಇಂಥ ಮನುಷ್ಯ ಬದುಕಿದ್ದ ಅನ್ನಲು ಆಧಾರ ಎಷ್ಟಿದೆ?

ಜಾಸ್ತಿ ಸಾಮಾನು ಬೇಕಿಲ್ಲ. ಬರೆದುಕೊಳ್ಳಲು ಹಾಳೆ, ಮೂಲ ಗ್ರಂಥಗಳ ಒಳ್ಳೆಯ ಅನುವಾದ (ಮುನ್ನುಡಿ, ಟಿಪ್ಪಣಿ ಇರುವಂಥದ್ದು), ಸ್ವಲ್ಪ ತಾಳ್ಮೆ. ಇನ್ನೊಂದು ಬೇಕು, ಅದು ಸುಲಭವಲ್ಲ. ನಿಮ್ಮ ಧರ್ಮದ ಗುರುವಿಗೆ ಹಾಕುವ ಅಳತೆಗೋಲನ್ನೇ ಬೇರೆ ಧರ್ಮದ ಗುರುವಿಗೂ ಹಾಕಬೇಕು. ಇದಕ್ಕೆ ಮನಸ್ಸಿಲ್ಲದಿದ್ದರೆ ಮುಂದಿನ ಯಾವ ಹಂತವೂ ಕೆಲಸಕ್ಕೆ ಬರುವುದಿಲ್ಲ.

ಹಂತ 1: ಪ್ರಶ್ನೆಯನ್ನು ಚಿಕ್ಕದು ಮಾಡಿ

"ಇದ್ದನಾ?" ಅನ್ನುವುದರೊಳಗೆ ನಾಲ್ಕೈದು ಪ್ರಶ್ನೆಗಳು ಸೇರಿಕೊಂಡಿರುತ್ತವೆ. ಆ ಮನುಷ್ಯ ಇದ್ದನಾ? ಹೇಳುವ ಕಾಲದಲ್ಲೇ ಇದ್ದನಾ? ಅವನ ಹೆಸರಿನ ಪುಸ್ತಕ ಅವನೇ ಬರೆದದ್ದಾ? ಅವನದು ಅಂತ ಹೇಳುವ ಮಾತುಗಳು ಅವನವೇನಾ? ಪವಾಡಗಳು ನಡೆದವಾ? ಇವುಗಳಲ್ಲಿ ಮೊದಲನೆಯದನ್ನು ಬೇರೆ ಮಾಡಿ, ಒಂದೇ ವಾಕ್ಯದಲ್ಲಿ ಬರೆಯಿರಿ. ಕಾಲ, ಜಾಗ, ಒಂದೆರಡು ಕೆಲಸ ಅಷ್ಟೇ ಅದರಲ್ಲಿರಲಿ.

ಉದಾಹರಣೆಗೆ ಯೇಸುವಿನ ಬಗ್ಗೆ ಹೀಗೆ ಬರೆಯಬಹುದು: "ಕ್ರಿ.ಶ. ಮೊದಲ ಶತಮಾನದ ಮೊದಲ ಅರ್ಧದಲ್ಲಿ ಗಲಿಲಾಯದ ಒಬ್ಬ ಯೆಹೂದಿ ಬೋಧಕನಿದ್ದ, ಅವನಿಗೆ ಶಿಷ್ಯರಿದ್ದರು, ರೋಮನ್ ಅಧಿಕಾರಿ ಪಿಲಾತನ ಕಾಲದಲ್ಲಿ ಅವನನ್ನು ಶಿಲುಬೆಗೆ ಹಾಕಿದರು." ಪರೀಕ್ಷೆ ನಡೆಯಬೇಕಾದದ್ದು ಈ ವಾಕ್ಯದ ಮೇಲೆ. ಉಳಿದದ್ದನ್ನು ಹಾಳೆಯ ಹಿಂದುಗಡೆ ಬರೆದಿಟ್ಟುಕೊಳ್ಳಿ.

ಕೆಲವರ ಬಗ್ಗೆ ಇಂಥ ವಾಕ್ಯ ಬರೆಯಲು ಹೊರಟರೇ ತೊಡಕು ಗೊತ್ತಾಗಿಬಿಡುತ್ತದೆ. ಸಾಂಖ್ಯ ದರ್ಶನದ ಕಪಿಲನನ್ನು ತೆಗೆದುಕೊಳ್ಳಿ. ಪುರಾಣದ ಕಥೆಗಳನ್ನು ಬದಿಗಿಟ್ಟರೆ, ಕಾಲ ಯಾವುದು, ಊರು ಯಾವುದು ಅಂತ ಬರೆಯಲು ಏನೂ ಉಳಿಯುವುದಿಲ್ಲ. ಇನ್ನು ಕೆಲವು ಕಡೆ ಒಂದೇ ಹೆಸರಿನ ಹಿಂದೆ ಇಬ್ಬರಿರಬಹುದು. ಮಹಾಭಾಷ್ಯ ಬರೆದ ವ್ಯಾಕರಣದ ಪತಂಜಲಿ, ಯೋಗಸೂತ್ರದ ಪತಂಜಲಿ ಒಬ್ಬನೇ ಅನ್ನುವುದು ಸಂಪ್ರದಾಯ. ಬೇರೆ ಬೇರೆ ಕಾಲದ ಇಬ್ಬರು ಅನ್ನುವುದು ಹಲವು ವಿದ್ವಾಂಸರ ಅಭಿಪ್ರಾಯ. ಯಾವ ಪತಂಜಲಿ ಅಂತ ಮೊದಲೇ ತೀರ್ಮಾನಿಸಿ ಮುಂದಕ್ಕೆ ಹೋಗಿ.

ಎಚ್ಚರ: ಪವಾಡದ ಕಥೆ ಇದೆ ಅಂದ ಮಾತ್ರಕ್ಕೆ ಮನುಷ್ಯನೇ ಇರಲಿಲ್ಲ ಅನ್ನಬೇಡಿ. ಅಲೆಕ್ಸಾಂಡರ್, ಗ್ರೀಕರ ಜ್ಯೂಸ್ ದೇವರ ಮಗ ಅಂತ ಹೇಳುತ್ತಿದ್ದರು. ಅಗಸ್ಟಸ್ ಚಕ್ರವರ್ತಿ ಅಪೊಲೊ ದೇವರಿಗೆ ಹುಟ್ಟಿದವನು ಅನ್ನುವ ಕಥೆ ಇತ್ತು. ಇಬ್ಬರೂ ಇದ್ದರು ಅನ್ನುವುದರಲ್ಲಿ ಯಾರಿಗೂ ಅನುಮಾನ ಇಲ್ಲ ಅಲ್ವಾ?

ಹಂತ 2: ಪ್ರತಿ ಆಧಾರಕ್ಕೂ ಮೂರು ಕಾಲ ಬರೆಯಿರಿ

ಆ ವ್ಯಕ್ತಿ ಬದುಕಿದ್ದ ಕಾಲ ಒಂದು. ಅವನ ಬಗ್ಗೆ ಹೇಳುವ ಗ್ರಂಥ ರಚನೆಯಾದ ಕಾಲ ಎರಡು. ಆ ಗ್ರಂಥದ ನಮಗೆ ಸಿಕ್ಕಿರುವ ಅತಿ ಹಳೆಯ ಪ್ರತಿಯ ಕಾಲ ಮೂರು. ಜಗಳ ಹುಟ್ಟುವುದೇ ಈ ಮೂರನ್ನು ಕಲಸಿಕೊಂಡಾಗ.

ಸಾಕ್ರಟೀಸ್‌ನನ್ನು ನೋಡಿ. ಅವನು ಸತ್ತದ್ದು ಕ್ರಿ.ಪೂ. 399ರಲ್ಲಿ. ಅವನನ್ನು ಗೇಲಿ ಮಾಡುವ ಅರಿಸ್ಟೊಫನೀಸ್‌ನ 'ಮೋಡಗಳು' ನಾಟಕ ಆಡಿದ್ದು ಕ್ರಿ.ಪೂ. 423ರಲ್ಲಿ, ಅಂದರೆ ಅವನು ಬದುಕಿದ್ದಾಗಲೇ. ಅವನ ಬಗ್ಗೆ ಬರೆದ ಪ್ಲೇಟೋ, ಕ್ಸೆನೊಫೊನ್ ಇಬ್ಬರೂ ಅವನನ್ನು ಕಣ್ಣಾರೆ ಕಂಡವರು. ಆದರೆ ಪ್ಲೇಟೋವಿನ ಪ್ರಸಿದ್ಧ ಹಳೆಯ ಹಸ್ತಪ್ರತಿಯೊಂದನ್ನು ನಕಲು ಮಾಡಿದ್ದು ಕ್ರಿ.ಶ. 895ರಲ್ಲಿ. "ಸಾವಿರದ ಇನ್ನೂರು ವರ್ಷ ಕಳೆದ ಮೇಲಿನ ಪ್ರತಿಯನ್ನು ನಂಬುವುದು ಹೇಗೆ?" ಅಂತ ಕೇಳುವವರು ಇಲ್ಲೇ ಎಡವುತ್ತಾರೆ. ಪಪೈರಸ್, ತಾಳೆಗರಿ, ಚರ್ಮ ಎಲ್ಲವೂ ಹಾಳಾಗುವ ವಸ್ತುಗಳು. ಗ್ರಂಥ ಉಳಿಯಬೇಕಾದರೆ ಮತ್ತೆ ಮತ್ತೆ ನಕಲು ಮಾಡಲೇಬೇಕು. ಹಸ್ತಪ್ರತಿ ತಡವಾದದ್ದು ಅನ್ನುವುದೊಂದೇ ಕಾರಣಕ್ಕೆ ಗ್ರಂಥವನ್ನು ಬಿಡಬೇಕಾದರೆ ಪ್ರಾಚೀನ ಸಾಹಿತ್ಯವನ್ನೇ ಹೆಚ್ಚುಕಡಿಮೆ ಬಿಡಬೇಕಾಗುತ್ತದೆ. ನೀವು ಮುಖ್ಯವಾಗಿ ನೋಡಬೇಕಾದದ್ದು ಮೊದಲ ಎರಡು ಕಾಲಗಳ ನಡುವಿನ ಅಂತರ.

ಪೈಥಾಗೊರಸ್‌ನ ವಿಷಯದಲ್ಲಿ ಈ ಅಂತರ ದೊಡ್ಡದು. ಅವನು ಕ್ರಿ.ಪೂ. ಆರನೇ ಶತಮಾನದವನು. ಅವನ ಬಂಗಾರದ ತೊಡೆಯ ಕಥೆ ಹೇಳುವ ಪೊರ್ಫಿರಿ, ಇಯಾಂಬ್ಲಿಕಸ್ ಕ್ರಿ.ಶ. ಮೂರು, ನಾಲ್ಕನೇ ಶತಮಾನದವರು. ಇಷ್ಟೇ ಇದ್ದಿದ್ದರೆ ಅನುಮಾನ ಪಡಬೇಕಾಗಿತ್ತು. ಆದರೆ ಗ್ರೀಕ್ ದಾರ್ಶನಿಕ ಹೆರಾಕ್ಲಿಟಸ್ ಪೈಥಾಗೊರಸ್‌ನ ಹೆಸರು ಹಿಡಿದೇ ಬೈದಿದ್ದಾನೆ, ಬಹಳ ಓದಿದರೂ ಬುದ್ಧಿ ಬರಲಿಲ್ಲ ಅಂತ. ಹೆರಾಕ್ಲಿಟಸ್ ಅವನಿಗಿಂತ ಸ್ವಲ್ಪವೇ ಚಿಕ್ಕವನು. ಹೆರಾಕ್ಲಿಟಸ್‌ನ ಪುಸ್ತಕ ಈಗ ಇಲ್ಲ, ಬೇರೆಯವರು ಎತ್ತಿ ಹೇಳಿದ ಸಾಲುಗಳಷ್ಟೇ ಉಳಿದಿವೆ. ಹೀಗೆ ಉಳಿದ ಸಾಲುಗಳನ್ನು ವಿದ್ವಾಂಸರು 'ತುಣುಕುಗಳು' ಅನ್ನುತ್ತಾರೆ. ತಡವಾದ ಗ್ರಂಥದೊಳಗೆ ಹಳೆಯ ತುಣುಕು ಇದೆಯಾ ಅಂತ ಹುಡುಕುವುದನ್ನು ಮರೆಯಬೇಡಿ.

ಹಂತ 3: ಆಧಾರಗಳು ಒಂದನ್ನೊಂದು ನೋಡಿ ಬರೆದವಾ?

ಒಂದೇ ಬಾವಿಯ ನೀರನ್ನು ಹತ್ತು ಕೊಡಕ್ಕೆ ತುಂಬಿಸಿದರೆ ಹತ್ತು ಬಾವಿ ಆಗುವುದಿಲ್ಲ. ಎಣಿಸಬೇಕಾದದ್ದು ಬಾವಿಗಳನ್ನು.

ಯೇಸುವಿನ ಬಗ್ಗೆ ನಾಲ್ಕು ಸುವಾರ್ತೆಗಳಿವೆ (ಬೈಬಲ್‌ನಲ್ಲಿ ಅವನ ಜೀವನ ಹೇಳುವ ಪುಸ್ತಕಗಳು). ಇವುಗಳಲ್ಲಿ ಮತ್ತಾಯ, ಲೂಕ ಇಬ್ಬರೂ ಮಾರ್ಕನ ಸುವಾರ್ತೆಯಿಂದ ತುಂಬಾ ಭಾಗಗಳನ್ನು ಹೆಚ್ಚುಕಡಿಮೆ ಪದಕ್ಕೆ ಪದ ತೆಗೆದುಕೊಂಡಿದ್ದಾರೆ ಅಂತ ಬಹುತೇಕ ವಿದ್ವಾಂಸರು ಒಪ್ಪುತ್ತಾರೆ. ಹಾಗಾಗಿ ಆ ಭಾಗಗಳಲ್ಲಿ ಮೂರು ಸಾಕ್ಷಿ ಸಿಕ್ಕಂತೆ ಆಗಲಿಲ್ಲ, ಸಿಕ್ಕಿದ್ದು ಒಂದೇ. ಆದರೆ ಆರಂಭದ ಕ್ರೈಸ್ತ ಪ್ರಚಾರಕ ಪೌಲನ ಪತ್ರಗಳು ಬೇರೆ ಬಾವಿ. ಸುವಾರ್ತೆಗಳಿಗಿಂತ ಮೊದಲೇ, ಕ್ರಿ.ಶ. 50ರ ದಶಕದಲ್ಲಿ ಬರೆದವು. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಅವನು ಜೆರುಸಲೇಮಿಗೆ ಹೋಗಿ ಯೇಸುವಿನ ಶಿಷ್ಯ ಪೇತ್ರನ ಜೊತೆ ಹದಿನೈದು ದಿನ ಇದ್ದದ್ದನ್ನೂ, 'ಕರ್ತನ ತಮ್ಮ' (ಅಂದರೆ ಯೇಸುವಿನ ತಮ್ಮ) ಯಾಕೋಬನನ್ನು ಕಂಡದ್ದನ್ನೂ ಹೇಳುತ್ತಾನೆ. ಸುಮ್ನೆ ಬಂದುಹೋಗುವ ಈ ಮಾತು ಇತಿಹಾಸಕಾರರಿಗೆ ತುಂಬಾ ಮುಖ್ಯ. ಪೌಲ ಇಲ್ಲಿ ಯೇಸು ಇದ್ದ ಅಂತ ಸಾಬೀತು ಮಾಡಲು ಹೊರಟಿಲ್ಲ. ತಾನು ಯಾರ ಕೈಕೆಳಗಿನವನೂ ಅಲ್ಲ ಅಂತ ವಾದಿಸುತ್ತಿದ್ದಾನೆ, ಆ ಭರದಲ್ಲಿ ಈ ವಿವರ ಬಂದಿದೆ. ಯಾರ ತಮ್ಮನನ್ನು ಒಬ್ಬರು ನೇರವಾಗಿ ಕಂಡಿದ್ದಾರೋ ಅಂಥ ಮನುಷ್ಯನನ್ನು ಪೂರ್ತಿ ಕಟ್ಟುಕಥೆ ಅನ್ನುವುದು ಕಷ್ಟ.

ಇಲ್ಲೇ ಇನ್ನೊಂದು ಕೆಲಸ ಇದೆ: ನಡುವೆ ಯಾರಾದರೂ ಸೇರಿಸಿದ್ದಾರಾ ಅಂತ ನೋಡುವುದು. ಮೂಲದಲ್ಲಿ ಇಲ್ಲದೆ, ನಕಲು ಮಾಡುವಾಗ ಸೇರಿಕೊಂಡ ಭಾಗಕ್ಕೆ 'ಪ್ರಕ್ಷಿಪ್ತ' ಅನ್ನುತ್ತಾರೆ. ಯೆಹೂದಿ ಇತಿಹಾಸಕಾರ ಜೋಸೆಫಸ್‌ನ, ಕ್ರಿ.ಶ. 93-94ರ ಗ್ರಂಥದ ಹದಿನೆಂಟನೇ ಭಾಗದಲ್ಲಿ ಯೇಸುವಿನ ಬಗ್ಗೆ "ಅವನೇ ಕ್ರಿಸ್ತ" ಅನ್ನುವ ಸಾಲು ಇದೆ. ಜೋಸೆಫಸ್ ಕ್ರೈಸ್ತನಲ್ಲ, ಅವನು ಹಾಗೆ ಬರೆಯುವ ಸಾಧ್ಯತೆ ಇಲ್ಲ. ಮುಂದೆ ಯಾರೋ ಸೇರಿಸಿದ್ದು ಅಂತಲೇ ಬಹುತೇಕರ ಅಭಿಪ್ರಾಯ.

ಎಚ್ಚರ: ಒಂದು ಸಾಲು ಪ್ರಕ್ಷಿಪ್ತ ಅಂತ ಗೊತ್ತಾದ ಕೂಡಲೇ ಇಡೀ ಗ್ರಂಥವನ್ನು ಎಸೆಯಬೇಡಿ. ಅದೇ ಗ್ರಂಥದ ಇಪ್ಪತ್ತನೇ ಭಾಗದಲ್ಲಿ "ಕ್ರಿಸ್ತ ಅಂತ ಕರೆಸಿಕೊಳ್ಳುವ ಯೇಸುವಿನ ತಮ್ಮ ಯಾಕೋಬ" ಅನ್ನುವ ಮಾತು ಬರುತ್ತದೆ. ಅದನ್ನು ಹೆಚ್ಚಿನವರು ಜೋಸೆಫಸ್‌ನದೇ ಅಂತ ಒಪ್ಪುತ್ತಾರೆ. ಪ್ರತಿ ಸಾಲನ್ನೂ ಬೇರೆಯಾಗಿಯೇ ತೂಗಬೇಕು.

ಹಂತ 4: ಹೊರಗಿನವರು, ಎದುರಾಳಿಗಳು ಏನು ಹೇಳುತ್ತಾರೆ?

ಭಕ್ತರು ಗುರುವನ್ನು ಹೊಗಳುವುದು ಸಹಜ. ಎದುರಾಳಿಗೆ ಆ ಗುರುವನ್ನು ಹುಟ್ಟಿಸಿಕೊಂಡು ಬರೆಯುವ ಅಗತ್ಯ ಇರುವುದಿಲ್ಲ.

ಇದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಮಹಾವೀರನದು. ಬೌದ್ಧರ ಪಾಳಿ ಗ್ರಂಥಗಳಲ್ಲಿ 'ನಿಗಂಠ ನಾಟಪುತ್ತ' ಅನ್ನುವ ಪ್ರತಿಸ್ಪರ್ಧಿ ಗುರು ಮತ್ತೆ ಮತ್ತೆ ಬರುತ್ತಾನೆ. ಬೌದ್ಧರು ಅವನ ಮತವನ್ನು ಖಂಡಿಸುತ್ತಾರೆ, ಅವನ ಶಿಷ್ಯರು ಬುದ್ಧನ ಕಡೆ ಬಂದರು ಅಂತ ಹೇಳಿಕೊಳ್ಳುತ್ತಾರೆ, ಅವನು ಪಾವಾದಲ್ಲಿ ತೀರಿಕೊಂಡ ಅಂತ ದಾಖಲಿಸುತ್ತಾರೆ. ಇವನೇ ಜೈನರ ಮಹಾವೀರ. ಮಗಧದ ರಾಜರಾದ ಬಿಂಬಿಸಾರ, ಅಜಾತಶತ್ರು ಇಬ್ಬರೂ ಎರಡೂ ಸಂಪ್ರದಾಯಗಳಲ್ಲಿ ಬರುತ್ತಾರೆ (ಜೈನರು ಅವರನ್ನು ಶ್ರೇಣಿಕ, ಕೂಣಿಕ ಅನ್ನುತ್ತಾರೆ). ಜಗಳವಾಡಿಕೊಂಡೇ ಬೆಳೆದ ಎರಡು ಗುಂಪುಗಳು ಒಂದೇ ಕಾಲ, ಒಂದೇ ಸೀಮೆ, ಅದೇ ರಾಜರನ್ನು ಹೇಳಿದರೆ ಅದಕ್ಕೆ ತೂಕ ಜಾಸ್ತಿ.

ಹೀಗೇ ಬೇರೆ ಕಡೆಯೂ ನೋಡಿ. ರೋಮನ್ ಇತಿಹಾಸಕಾರ ಟ್ಯಾಸಿಟಸ್ ಕ್ರೈಸ್ತರನ್ನು ಹೀನಾಯವಾಗಿ ಬೈಯುತ್ತಲೇ, ಕ್ರಿಸ್ತನಿಗೆ ಪಿಲಾತ ಮರಣದಂಡನೆ ಕೊಟ್ಟದ್ದನ್ನು ಬರೆಯುತ್ತಾನೆ. ಪ್ರವಾದಿ ಮುಹಮ್ಮದರು ತೀರಿಕೊಂಡದ್ದು ಕ್ರಿ.ಶ. 632ರಲ್ಲಿ. 640ರ ಸುಮಾರಿಗೇ ಸಿರಿಯಾಕ್ ಭಾಷೆಯಲ್ಲಿ ಬರೆದ ಒಬ್ಬ ಕ್ರೈಸ್ತ ಪಾದ್ರಿ 'ಮುಹಮ್ಮದರ ಅರಬರು' ನಡೆಸಿದ ಯುದ್ಧದ ಬಗ್ಗೆ ಹೇಳುತ್ತಾನೆ.

ಹೊರಗಿನವನು "ಇರಲೇ ಇಲ್ಲ" ಅಂದುಬಿಟ್ಟರೆ? ಅದೂ ನಡೆದಿದೆ. ಅಣುವಾದವನ್ನು (ಎಲ್ಲವೂ ಅಣುಗಳಿಂದಾದದ್ದು ಅನ್ನುವ ವಾದ) ಮೊದಲು ಹೇಳಿದವನು ಲ್ಯೂಸಿಪ್ಪಸ್ ಅಂತ ಅರಿಸ್ಟಾಟಲ್ ಬರೆಯುತ್ತಾನೆ. ಅಂಥ ದಾರ್ಶನಿಕ ಇರಲೇ ಇಲ್ಲ ಅಂತ ಮುಂದಿನ ಕಾಲದ ಗ್ರೀಕ್ ದಾರ್ಶನಿಕ ಎಪಿಕ್ಯೂರಸ್ ಹೇಳಿದನಂತೆ. ಯಾರನ್ನು ನಂಬುವುದು? ಅರಿಸ್ಟಾಟಲ್ ಕಾಲದಲ್ಲಿ ಹತ್ತಿರದವನು, ಅವನಿಗೆ ಲ್ಯೂಸಿಪ್ಪಸ್‌ನನ್ನು ಹುಟ್ಟಿಸಿ ಆಗಬೇಕಾದದ್ದು ಏನೂ ಇಲ್ಲ. ಎಪಿಕ್ಯೂರಸ್ ಅಣುವಾದವನ್ನೇ ಹಿಡಿದವನು, ಆದರೂ ತನಗಿಂತ ಹಿಂದಿನವರ ಋಣ ಒಪ್ಪಿಕೊಳ್ಳದವನು ಅಂತಲೇ ಹೆಸರಾದವನು. ಹಾಗಾಗಿ ಹೆಚ್ಚಿನವರು ಅರಿಸ್ಟಾಟಲ್ ಕಡೆ ವಾಲುತ್ತಾರೆ. ಹೇಳುವವನಿಗೆ ಏನು ಲಾಭ ಅಂತ ಎರಡೂ ಕಡೆ ಕೇಳಬೇಕು.

ಹಂತ 5: ಭಕ್ತರಿಗೇ ಇರುಸುಮುರುಸಾಗುವ ವಿವರ ಹುಡುಕಿ

ಗುರುವಿನ ಗೌರವಕ್ಕೆ ಒಗ್ಗದ ವಿವರವನ್ನು ಭಕ್ತರು ಕಟ್ಟಿ ಹೇಳುವುದು ಕಡಿಮೆ. ಅದು ಉಳಿದಿದೆ ಅಂದರೆ, ಎಲ್ಲರಿಗೂ ಗೊತ್ತಿದ್ದ ಸಂಗತಿ ಆದ್ದರಿಂದ ಬಿಡಲಾಗಲಿಲ್ಲ ಅಂತ ಊಹಿಸಬಹುದು. ಶಿಲುಬೆಯ ಸಾವು ಆ ಕಾಲಕ್ಕೆ ಅವಮಾನದ ಸಾವು. ಬುದ್ಧ ಕೊನೆಯುಸಿರು ಎಳೆದದ್ದು ಕುಶಿನಗರದಲ್ಲಿ. ಶಿಷ್ಯ ಆನಂದ ಅಲ್ಲೇ ಬೇಜಾರು ಮಾಡಿಕೊಳ್ಳುತ್ತಾನೆ: ಈ ಕಾಡಿನ ಪುಟ್ಟ ಊರಲ್ಲಿ ಬೇಡ, ಚಂಪಾ, ರಾಜಗೃಹ, ಶ್ರಾವಸ್ತಿ, ವಾರಾಣಸಿಯಂಥ ದೊಡ್ಡ ಪಟ್ಟಣಗಳಿವೆಯಲ್ಲ ಅಂತ. ಇದು ಹಿಂದೆ ದೊಡ್ಡ ರಾಜಧಾನಿಯಾಗಿತ್ತು ಅಂತ ಬುದ್ಧ ಅವನಿಗೆ ಸಮಾಧಾನ ಹೇಳುತ್ತಾನೆ. ಸಾವಿನ ಜಾಗವನ್ನು ಮನಸ್ಸಿಗೆ ಬಂದಂತೆ ಆರಿಸಿಕೊಳ್ಳುವ ಹಾಗಿದ್ದರೆ ಕಥೆಗಾರರು ರಾಜಗೃಹವನ್ನೇ ಆರಿಸುತ್ತಿದ್ದರು, ಈ ಸಮಜಾಯಿಷಿಯೇ ಬೇಕಾಗುತ್ತಿರಲಿಲ್ಲ.

ಈ ಹಂತವನ್ನೊಂದೇ ನೆಚ್ಚಿಕೊಳ್ಳಬೇಡಿ. ನಮಗೆ ಮುಜುಗರ ಅನಿಸಿದ್ದು ಆ ಕಾಲದವರಿಗೂ ಮುಜುಗರವಾಗಿತ್ತು ಅಂತ ಹೇಗೆ ಹೇಳುವುದು?

ಹಂತ 6: ಶಾಸನ ಏನು ಹೇಳುತ್ತದೆ ಅಂತ ಪೂರ್ತಿ ಓದಿ

ಕಲ್ಲಿನ ಮೇಲೆ ಕೆತ್ತಿದ್ದು ಸಿಕ್ಕರೆ "ಇನ್ನೇನು ಬೇಕು, ಸಾಬೀತಾಯಿತು" ಅನ್ನುವವರೇ ಜಾಸ್ತಿ. ಇಲ್ಲಿ ನಿಧಾನ ಮಾಡಿ.

ಈಗಿನ ನೇಪಾಳದ ಲುಂಬಿನಿಯಲ್ಲಿ ಅಶೋಕನ ಕಂಬವಿದೆ. ಅದರ ಬರಹ 1896ರಲ್ಲಿ ಬೆಳಕಿಗೆ ಬಂತು. ಪಟ್ಟವಾಗಿ 20 ವರ್ಷವಾದ ಮೇಲೆ ರಾಜ ತಾನೇ ಇಲ್ಲಿಗೆ ಬಂದು ಪೂಜೆ ಸಲ್ಲಿಸಿದ, ಶಾಕ್ಯಮುನಿ ಬುದ್ಧ ಹುಟ್ಟಿದ ಜಾಗವಾದ್ದರಿಂದ ಕಲ್ಲಿನ ಕಂಬ ನಿಲ್ಲಿಸಿದ, ಲುಂಬಿನಿ ಹಳ್ಳಿಯ ತೆರಿಗೆ ಇಳಿಸಿದ ಅಂತ ಅದರಲ್ಲಿದೆ. ಕ್ರಿ.ಪೂ. ಮೂರನೇ ಶತಮಾನದ ಮಧ್ಯದ, ತಿದ್ದಲು ಬಾರದ ದಾಖಲೆ. ಬುದ್ಧ ಇದ್ದದ್ದಕ್ಕೆ ಇದು ಪುರಾವೆ ಅಂತ ಎಲ್ಲ ಕಡೆ ಓದಿರುತ್ತೀರಿ.

ಈಗ ಅಲ್ಲಿಂದ ಹೆಚ್ಚು ದೂರವಿಲ್ಲದ ನಿಗಾಲಿ ಸಾಗರದ ಕಂಬಕ್ಕೆ ಬನ್ನಿ. ಅದೂ ಅಶೋಕನದೇ. ಪಟ್ಟವಾಗಿ 14 ವರ್ಷವಾದಾಗ ಕೋನಾಕಮನ ಬುದ್ಧನ ಸ್ತೂಪವನ್ನು ದೊಡ್ಡದು ಮಾಡಿಸಿದ, ಮುಂದೆ ತಾನೇ ಬಂದು ಪೂಜಿಸಿದ ಅಂತ ಅದರಲ್ಲಿದೆ. ಕೋನಾಕಮನ ಯಾರು? ಗೌತಮನಿಗಿಂತ ಹಿಂದಿನ ಬುದ್ಧರಲ್ಲಿ ಒಬ್ಬ. ಅವನ ಕಾಲದಲ್ಲಿ ಮನುಷ್ಯರ ಆಯಸ್ಸು 30,000 ವರ್ಷ ಅಂತ ಬೌದ್ಧ ಗ್ರಂಥ ಹೇಳುತ್ತದೆ.

ಒಂದೇ ರಾಜ, ಒಂದೇ ಬಗೆಯ ಕಂಬ, ಒಂದೇ ಬಗೆಯ ಮಾತು. ಮೊದಲನೆಯದು ಗೌತಮ ಇದ್ದದ್ದಕ್ಕೆ ನೇರ ಪುರಾವೆಯಾದರೆ, ಎರಡನೆಯದು ಕೋನಾಕಮನ ಇದ್ದದ್ದಕ್ಕೂ ಪುರಾವೆ ಆಗಬೇಕಲ್ಲ! ಹಾಗಾಗಿ ಶಾಸನದಿಂದ ಖಚಿತವಾಗಿ ತಿಳಿಯುವುದು ಇಷ್ಟು: ಕೆತ್ತಿದ ಕಾಲದಲ್ಲಿ, ಆ ಜಾಗದಲ್ಲಿ ಜನ ಹೀಗೆ ನಂಬಿದ್ದರು. ಇದೇನು ಸಣ್ಣ ಮಾತಲ್ಲ. ಬುದ್ಧನ ಸಾವಿಗೂ ಅಶೋಕನಿಗೂ ನಡುವಿನ ಅಂತರ, ಯಾವ ಲೆಕ್ಕ ಹಿಡಿಯುತ್ತೀರಿ ಅನ್ನುವುದರ ಮೇಲೆ, ಸುಮಾರು 150ರಿಂದ 250 ವರ್ಷ. ಅಷ್ಟರೊಳಗೆ ಹುಟ್ಟಿದ ಜಾಗ ಇದೇ ಅಂತ ಗಟ್ಟಿಯಾಗಿ ನಿಂತಿತ್ತು ಅನ್ನುವುದಕ್ಕೆ ಬೆಲೆ ಇದೆ. ಗೌತಮನ ಪರವಾಗಿ ಎದುರಾಳಿ ಗುರುಗಳ ಕಾಲ, ಗೊತ್ತಿರುವ ರಾಜರು, ಕುಶಿನಗರದಂಥ ವಿವರಗಳು, ಗುರು ಸತ್ತ ಕೂಡಲೇ ಇದ್ದ ಸಂಘ ಎಲ್ಲವೂ ಸೇರುತ್ತವೆ. ಕೋನಾಕಮನನ ಪರವಾಗಿ ಕಂಬ ಒಂದೇ.

ಎಚ್ಚರ: ಸಮಾಧಿ, ಹಲ್ಲು, ಪಾದದ ಗುರುತು, 'ಹುಟ್ಟಿದ ಮನೆ' ಇವಕ್ಕೂ ಇದೇ ನಿಯಮ. ಅವು ಯಾವ ಕಾಲದಲ್ಲಿ ಪೂಜೆಗೆ ಬಂದವು ಅನ್ನುವುದನ್ನು ಹೇಳುತ್ತವೆ, ಅಷ್ಟೇ. ಪೂಜೆ, ಹಬ್ಬ ಇದೆ ಅಂದರೂ ಸಾಲದು. ಬುದ್ಧನ ಜೀವನದ ಕಥೆ ಅರಬ್ಬಿ, ಜಾರ್ಜಿಯನ್, ಗ್ರೀಕ್ ಭಾಷೆಗಳನ್ನು ದಾಟಿ ಯುರೋಪು ಸೇರಿತು. ಅಲ್ಲಿ ಅದು ಜೋಸಫತ್ ಅನ್ನುವ ಕ್ರೈಸ್ತ ಸಂತನ ಕಥೆಯಾಗಿ, ಶತಮಾನಗಳ ಕಾಲ ಅವನ ಹೆಸರಿನಲ್ಲಿ ಹಬ್ಬವೂ ನಡೆಯಿತು.

ಹಂತ 7: ಯಾರೂ ಹೇಳಿಲ್ಲ ಅನ್ನುವುದನ್ನು ಹುಷಾರಾಗಿ ಬಳಸಿ

ಮೌನ ಯಾವಾಗ ಸಾಕ್ಷಿ ಆಗುತ್ತದೆ? ಎರಡು ಷರತ್ತು ಇವೆ. ಆ ಲೇಖಕ ಇದನ್ನು ಹೇಳಲೇಬೇಕಾದ ಸಂದರ್ಭ ಇರಬೇಕು. ಅವನು ಬರೆದದ್ದು ನಮಗೆ ಪೂರ್ತಿ ಸಿಕ್ಕಿರಬೇಕು.

"ಮೆಗಸ್ತನೀಸ್ ಚಾಣಕ್ಯನ ಹೆಸರನ್ನೇ ಎತ್ತಿಲ್ಲ, ಹಾಗಾಗಿ ಚಾಣಕ್ಯ ಇರಲಿಲ್ಲ" ಅನ್ನುವ ವಾದ ಕೇಳಿರುತ್ತೀರಿ. ಮೆಗಸ್ತನೀಸ್ ಚಂದ್ರಗುಪ್ತನ ಕಾಲದಲ್ಲಿ ಬಂದ ಗ್ರೀಕ್ ರಾಯಭಾರಿ, ಹೇಳಬಹುದಾಗಿತ್ತು ನಿಜ. ಆದರೆ ಅವನ 'ಇಂಡಿಕಾ' ಕಳೆದುಹೋಗಿದೆ, ಸಿಕ್ಕಿರುವುದು ಬರೀ ತುಣುಕುಗಳು. ಎರಡನೇ ಷರತ್ತಿನಲ್ಲೇ ವಾದ ಬಿದ್ದುಹೋಗುತ್ತದೆ. ಚಾಣಕ್ಯನ ಬಗ್ಗೆ ಅನುಮಾನ ಪಡಲು ಬೇರೆ ಗಟ್ಟಿ ಕಾರಣ ಇದೆ. ಅವನ ಕಥೆ ಹೇಳುವ ಗ್ರಂಥಗಳು ಶತಮಾನಗಳ ನಂತರದವು.

ಮೌನಕ್ಕೆ ತೂಕ ಬರುವ ಕಡೆಯೂ ಇದೆ. ಯೆಹೂದಿಗಳ ಪ್ರವಾದಿ ಮೋಶೆಯ ಜೊತೆ ಈಜಿಪ್ಟಿನಿಂದ ಹೊರಟ ಗಂಡಸರೇ ಆರು ಲಕ್ಷ ಅಂತ ಬೈಬಲ್ ಹೇಳುತ್ತದೆ. ಅಷ್ಟು ಜನ ಸಿನಾಯ್ ಮರಳುಗಾಡಿನಲ್ಲಿ ವರ್ಷಗಟ್ಟಲೆ ಇದ್ದಿದ್ದರೆ ಗುರುತು ಸಿಗಬೇಕಿತ್ತು, ಸಿಕ್ಕಿಲ್ಲ. ಆದರೆ ಈ ಮೌನ ಬೀಳಿಸುವುದು ಆ ದೊಡ್ಡ ಸಂಖ್ಯೆಯನ್ನು. ಒಂದು ಚಿಕ್ಕ ಗುಂಪು, ಅದಕ್ಕೊಬ್ಬ ನಾಯಕ ಇದ್ದಿರಬಹುದಾ ಅನ್ನುವ ಪ್ರಶ್ನೆ ಹಾಗೇ ಉಳಿಯುತ್ತದೆ.

ಹಂತ 8: ಕಾಲಕ್ಕೆ ಎರಡು ಕಡೆ ಬೇಲಿ ಹಾಕಿ

ಇದು ಬೇಗ ಮುಗಿಯುವ ಹಂತ. ಆ ವ್ಯಕ್ತಿ ಯಾರನ್ನು ಎತ್ತಿ ಮಾತಾಡುತ್ತಾನೆ, ಅವನನ್ನು ಯಾರು ಎತ್ತಿ ಮಾತಾಡುತ್ತಾರೆ ಅಂತ ನೋಡಿ. ಶಂಕರಾಚಾರ್ಯರಿಗೆ ಏಳನೇ ಶತಮಾನದ ಬೌದ್ಧ ತಾರ್ಕಿಕ ಧರ್ಮಕೀರ್ತಿಯ ಮಾತು ಗೊತ್ತಿತ್ತು. ಅವರ ಭಾಷ್ಯಕ್ಕೆ ವಾಚಸ್ಪತಿ ಮಿಶ್ರ ಒಂಬತ್ತು-ಹತ್ತನೇ ಶತಮಾನದ ಹೊತ್ತಿಗೆ 'ಭಾಮತಿ' ಟೀಕೆ ಬರೆದ. ಹಾಗಾಗಿ ಅವರು ಈ ಎರಡರ ನಡುವೆ ಇದ್ದವರು. ಅವರ ಜೀವನ ಹೇಳುವ ಶಂಕರವಿಜಯ ಗ್ರಂಥಗಳು ಎಷ್ಟೋ ಕಾಲದ ನಂತರ ಬಂದವು, ಅವುಗಳಿಲ್ಲದೆಯೂ ಇಷ್ಟು ಹೇಳಬಹುದು.

ಹಂತ 9: ಹೌದು, ಇಲ್ಲ ಅನ್ನಬೇಡಿ, ದರ್ಜೆ ಕೊಡಿ

ಈಗ ಹಾಳೆ ನೋಡಿ, ಹಂತ 1ರ ವಾಕ್ಯದ ಪಕ್ಕ ನಿಮ್ಮ ತೀರ್ಮಾನ ಬರೆಯಿರಿ. ನಾನು ಬಳಸುವ ದರ್ಜೆಗಳು ಇವು: ಅನುಮಾನವೇ ಇಲ್ಲ, ಇದ್ದದ್ದು ಬಹುತೇಕ ಖಚಿತ, ಇದ್ದಿರಬಹುದು, ಹೇಳಲಾಗದು, ಇದ್ದ ಅನ್ನಲು ಕಾರಣ ಇಲ್ಲ.

ಸಾಕ್ರಟೀಸ್, ಪ್ರವಾದಿ ಮುಹಮ್ಮದರು ಮೊದಲ ದರ್ಜೆಗೆ ಬರುತ್ತಾರೆ. ಬುದ್ಧ, ಮಹಾವೀರ, ಯೇಸು, ಪೈಥಾಗೊರಸ್ ಎರಡನೆಯದಕ್ಕೆ. ಲ್ಯೂಸಿಪ್ಪಸ್‌ನನ್ನು ನಾನು ಎರಡು, ಮೂರರ ನಡುವೆ ಇಡುತ್ತೇನೆ. ಕೋನಾಕಮನ ಕೊನೆಯದರಲ್ಲಿ. ನಿಮಗೆ ಬೇರೆ ಅನಿಸಿದರೆ, ಯಾವ ಹಂತದಲ್ಲಿ ಬೇರೆ ಅನಿಸಿತು ಅಂತ ಬೆರಳಿಟ್ಟು ತೋರಿಸಲು ಆಗಬೇಕು, ಅಷ್ಟೇ.

ಲಾವೋತ್ಸು ನಾಲ್ಕನೇ ದರ್ಜೆ. ಕ್ರಿ.ಪೂ. 100ರ ಸುಮಾರಿಗೆ ಅವನ ಚರಿತ್ರೆ ಬರೆದ ಚೀನೀ ಇತಿಹಾಸಕಾರ ಸಿಮಾ ಚಿಯನ್‌ಗೇ ಅವನು ಯಾರು ಅಂತ ಖಾತ್ರಿ ಇರಲಿಲ್ಲ. ಝೌ ರಾಜರ ದಾಖಲೆ ನೋಡಿಕೊಳ್ಳುತ್ತಿದ್ದ ಲಿ ಅರ್ ಅನ್ನುತ್ತಾನೆ, ಲಾವೋ ಲೈತ್ಸು ಇರಬಹುದಾ ಅನ್ನುತ್ತಾನೆ, ಕನ್‌ಫ್ಯೂಶಿಯಸ್ ಸತ್ತು ನೂರಕ್ಕೂ ಹೆಚ್ಚು ವರ್ಷದ ಮೇಲೆ ಬದುಕಿದ್ದ ದಾನ್ ಅನ್ನುವ ಅಧಿಕಾರಿಯ ಹೆಸರನ್ನೂ ಹೇಳುತ್ತಾನೆ. 1993ರಲ್ಲಿ ಚೀನಾದ ಗುವೊದಿಯನ್‌ನ ಒಂದು ಸಮಾಧಿಯಲ್ಲಿ, ಸುಮಾರು ಕ್ರಿ.ಪೂ. 300ರ ಬಿದಿರಿನ ಪಟ್ಟಿಗಳ ಮೇಲೆ ಅವನ ಹೆಸರಿನ ಪುಸ್ತಕದ ಭಾಗಗಳು ಸಿಕ್ಕವು. ಪುಸ್ತಕದ ಸಾಲುಗಳು ಎಷ್ಟು ಹಳೆಯವು ಅನ್ನುವ ಪ್ರಶ್ನೆಗೆ ಅದರಿಂದ ಬೇಲಿ ಸಿಕ್ಕಿತು. ಬರೆದವನು ಯಾರು ಅನ್ನುವ ಪ್ರಶ್ನೆ ಇದ್ದಲ್ಲೇ ಇದೆ.

ಹಾಳೆಯ ಕೊನೆಯಲ್ಲಿ ಎರಡು ವಿಷಯ ಬರೆದಿಡಿ: ತೀರ್ಮಾನ ಮಾಡಿದ ದಿನಾಂಕ, ಏನು ಸಿಕ್ಕರೆ ದರ್ಜೆ ಬದಲಿಸುತ್ತೀರಿ ಅನ್ನುವುದು. ಲಾವೋತ್ಸುವಿನ ಹಾಳೆಯಲ್ಲಿ ನಾನು ಬರೆಯುವುದು ಹೀಗೆ: "ಸಿಮಾ ಚಿಯನ್‌ಗಿಂತ ಹಿಂದಿನ, ಅವನ ಕಾಲ ಮತ್ತು ಜಾಗ ಎರಡನ್ನೂ ಹೇಳುವ, ಬೇರೆ ಗುಂಪಿನವರ ಬರಹ ಸಿಕ್ಕರೆ ಮೂರನೇ ದರ್ಜೆಗೆ ಏರಿಸುವುದು."